ನನ್ನ ಪಾಲಿನ ಸೀಟಿ

ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಗೆ ಒಂದು ವಾಸನೆ ಇದೆ. ಪೂರ್ತಿ ಹುಳಿಯೂ ಅಲ್ಲ, ಪೂರ್ತಿ ಲೋಹದ್ದೂ ಅಲ್ಲ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಹಬ್ಬದ ಹಿಂದಿನ ದಿನ ಯಾರಾದರೂ ಜಗಲಿಯ ಮೇಲೆ ಕೂತು ದೀಪದ ಕಂಬ ಬೆಳಗುತ್ತಿದ್ದರೆ ನಾನು ನಡೆಯುವುದನ್ನು ನಿಲ್ಲಿಸಿಬಿಡುತ್ತೇನೆ. ಅಪ್ಪನ ಸೀಟಿ ನೆನಪಾಗುತ್ತದೆ. ಅದು ಹಿತ್ತಾಳೆಯದು, ಖಾಕಿ ದಾರದಲ್ಲಿ ಅವನ ಕೊರಳಿಗೆ ತೂಗುತ್ತಿತ್ತು, ಶನಿವಾರ ಸ್ಕೂಲು ಬಿಟ್ಟ ಮೇಲೆ ಅವನೇ ಹುಣಸೆಹಣ್ಣು ಕಿವುಚಿ ಅದನ್ನು ತಿಕ್ಕುತ್ತಿದ್ದ. ಇದನ್ನು ಆಣೆ ಮಾಡಿ ಹೇಳಬಲ್ಲೆ ಎಂದುಕೊಂಡಿದ್ದೆ. ಆದರೆ ಹೋದ ತಿಂಗಳು ಯಳಂದೂರಿನಲ್ಲಿ ಅಪ್ಪನ ತಂಗಿ, ನನ್ನ ಸೋದರತ್ತೆ, "ಇತ್ತಾಳೆದೆಲ್ಲಿತ್ತವ್ವ? ಅದು ಇಸ್ಟೀಲ್ದು. ಬೆಳ್ಳಗ್ ಒಳೀತಿತ್ತು" ಅಂದರು. ಸೀಟಿ ಈಗ ಇಲ್ಲ, ತೆಗೆದು ನೋಡುವ ಹಾಗಿಲ್ಲ. ಹಾಗಾದರೆ ನನ್ನ ಮೂಗಿನಲ್ಲಿ ಕೂತಿರುವ ವಾಸನೆ ಅವ್ವ ಬೆಳಗುತ್ತಿದ್ದ ಬಿಂದಿಗೆಯದೇ? ಅದನ್ನು ಅಪ್ಪನ ಕೊರಳಿಗೆ ನಾನೇ ತಗುಲಿಹಾಕಿದೆನೇ? ಕಾಲೇಜಿನಲ್ಲಿ ಬಹಳ ವರ್ಷ ಚರಿತ್ರೆ ಪಾಠ ಮಾಡಿದವಳು ನಾನು. ಕಣ್ಣಾರೆ ಕಂಡೆ ಎನ್ನುವವರನ್ನೇ ಮೊದಲು ಅನುಮಾನಿಸಿ ಎಂದು ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಂಡವಳು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಕೆಲವು ತಪ್ಪಿರಬಹುದು. ಅದು ಯಾವ ತಿಂಗಳು, ಗೋಡೆಗೆ ಬಳಿದಿದ್ದದ್ದು ಸುಣ್ಣವೋ ಕೆಮ್ಮಣ್ಣೋ, ಎಲ್ಲ ಕಲಸಿಹೋಗಿದೆ. ಕಲಸದೆ ಉಳಿದಿರುವುದು ನನ್ನ ಹೊಟ್ಟೆಕಿಚ್ಚು ಮಾತ್ರ. ಅದಕ್ಕೆ ಸಾಕ್ಷಿ ಬೇಕಿಲ್ಲ.

ಅಪ್ಪ ಹುಟ್ಟಿದ್ದು ಯಳಂದೂರಿನ ಹತ್ತಿರ, ಸುವರ್ಣಾವತಿ ಹೊಳೆಯ ದಂಡೆಯ ಒಂದು ಒಕ್ಕಲು ಮನೆಯಲ್ಲಿ. ಮೀಸೆ ಸರಿಯಾಗಿ ಮೂಡುವ ಮೊದಲೇ ಮಿಲಿಟರಿ ಸೇರಿದ. ಅಲ್ಲಿ ವೈರ್‌ಲೆಸ್ಸಿನ ಕೆಲಸ ಕಲಿತ. ಬೆರಳಲ್ಲಿ ಬಡಿದು, ಗಿಡ್ಡ ಸದ್ದು ಉದ್ದ ಸದ್ದುಗಳನ್ನು ಪೋಣಿಸಿ ಬೆಟ್ಟದಿಂದ ಬೆಟ್ಟಕ್ಕೆ ಮಾತು ಕಳಿಸುವ ಕೆಲಸ. ಚೀನಾದ ಯುದ್ಧದಲ್ಲಿ ಹಿಮದ ನಡುವೆ ಇದ್ದ. ತಿರುಗಿ ಬಂದಾಗ ಎಡಗಾಲಿನ ಎರಡು ಬೆರಳು ಇರಲಿಲ್ಲ, ಬಲಗಿವಿ ಕೇಳುತ್ತಿರಲಿಲ್ಲ. ಮಿಲಿಟರಿ ಬಿಟ್ಟು, ಟೀಚರ್ ಟ್ರೈನಿಂಗ್ ಮುಗಿಸಿ, ಹನೂರಿನಾಚೆಯ ಶಾಗ್ಯದ ಸ್ಕೂಲಿಗೆ ಮೇಷ್ಟ್ರಾದ. ಆ ಕಾಲದಲ್ಲಿ ಕಾಡಂಚಿನ ಊರಿಗೆ ಹಾಕಿದರೆ ಮೇಷ್ಟ್ರುಗಳು ಯಾರ ಕೈಕಾಲನ್ನೋ ಹಿಡಿದು ವರ್ಗ ಮಾಡಿಸಿಕೊಂಡು ಓಡುತ್ತಿದ್ದರಂತೆ. ಅಪ್ಪ ಮಾತ್ರ ಆ ಕಡೆಯೇ ಬೇಕೆಂದು ಕೇಳಿ ಹಾಕಿಸಿಕೊಂಡ. ಯಾಕೆಂದು ಅವ್ವನಿಗೆ ಕೊನೆಯವರೆಗೂ ತಿಳಿಯಲಿಲ್ಲ. "ಒಳೆ ದಂಡೆ ಬುಟ್ಟು ಈ ಬಂಡೆ ಸಂದಿಗೆ ಬಂದ್ವಿ, ಎಲ್ಲ ಇವ್ರ ಕೃಪೆ" ಎಂದು ಅವಳು ಉಪ್ಪೆಸರಿಗೆ ಮೆಣಸಿನಕಾಯಿ ಅರೆಯುವಾಗಲೆಲ್ಲ ಗೊಣಗುತ್ತಿದ್ದಳು. ನಾವಿದ್ದದ್ದು ರೇಷ್ಮೆಹುಳು ಸಾಕುವವರ ಮನೆಯ ಒಂದು ಪಾಲಿನಲ್ಲಿ. ನಡುಗೋಡೆಯ ಆಚೆ ತಟ್ಟೆಗಟ್ಟಲೆ ಹುಳುಗಳು ಸೊಪ್ಪು ಮೇಯುವ ಸದ್ದು ಜಿಟಿಜಿಟಿ ಮಳೆಯ ಹಾಗೆ ಕೇಳುತ್ತಿತ್ತು. ಆ ಸದ್ದಿನಲ್ಲಿ ಅಪ್ಪನನ್ನು ನಾನು ಕಾಡುತ್ತಿದ್ದೆ, ಯುದ್ಧದ ಕತೆ ಹೇಳಪ್ಪ ಎಂದು. ಅವನು "ಚಳಿ ಇತ್ತು ಕಣವ್ವ" ಎಂದು ಹೇಳಿ ಕತೆ ಮುಗಿಸಿಬಿಡುತ್ತಿದ್ದ.

ಸೀಟಿಯ ಪದ್ಧತಿ ಶುರುವಾದದ್ದು ನಾನು ಹುಟ್ಟುವ ಮೊದಲು. ಶಾಗ್ಯದ ಮಕ್ಕಳು ಬೆಳಗಾಗುತ್ತಲೇ ಆಡು ಹೊಡೆದುಕೊಂಡು ಕುರುಚಲು ಕಾಡಿಗೆ ಹೋಗುತ್ತಿದ್ದರು. ಸ್ಕೂಲಿನ ಗಂಟೆ ಅಲ್ಲಿಗೆ ಕೇಳುತ್ತಿರಲಿಲ್ಲ, ಕೇಳಿದವರೂ ಕೇಳಲಿಲ್ಲ ಎನ್ನುತ್ತಿದ್ದರು. ಆಗ ಅಪ್ಪ ಒಂದೊಂದು ಮಗುವಿಗೂ ಒಂದೊಂದು ಕರೆ ಮಾಡಿಕೊಟ್ಟ. ಇವನಿಗೆ ಎರಡು ಉದ್ದ ಒಂದು ಗಿಡ್ಡ, ಅವಳಿಗೆ ಗಿಡ್ಡ ಉದ್ದ ಗಿಡ್ಡ, ಹೀಗೆ. ಸ್ಕೂಲಿನ ಹಿಂದಿನ ಬಂಡೆ ಹತ್ತಿ, ಕೇಳುವ ಎಡಗಿವಿಯನ್ನು ಕಾಡಿನ ಕಡೆ ತಿರುಗಿಸಿಕೊಂಡು, ಒಬ್ಬೊಬ್ಬರನ್ನೇ ಊದಿ ಕರೆಯುತ್ತಿದ್ದ. ಕರೆಸಿಕೊಂಡವರು ಎಲ್ಲಿದ್ದರೂ "ಕೂ" ಎಂದು ಉತ್ತರ ಕೊಡಬೇಕು. ಉತ್ತರ ಬರುವವರೆಗೆ ಅವನು ಮುಂದಿನವರ ಸೀಟಿ ಊದುತ್ತಿರಲಿಲ್ಲ. ಒಂದೊಂದು ದಿನ ಯಾವನೋ ತುಂಟ ಉತ್ತರ ಕೊಡದೆ ಕೂತರೆ ಪಾಠ ಶುರುವಾಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಇನ್ನೊಂದು ನಿಯಮವಿತ್ತು. ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಸ್ಕೂಲು ಬಿಟ್ಟವರದ್ದನ್ನೂ ಇಲ್ಲ. ಹೊಸ ಮಗು ಬಂದರೆ ಅಪ್ಪ ರಾತ್ರಿ ಊಟದ ತಟ್ಟೆಯ ಅಂಚಿನಲ್ಲಿ ಬೆರಳು ಬಡಿಯುತ್ತಾ ಹೊಸದೊಂದನ್ನು ಹುಡುಕುತ್ತಿದ್ದ, ಅವ್ವ "ಮುದ್ದೆ ಆರೋಯ್ತದ" ಎಂದು ರೇಗುತ್ತಿದ್ದಳು.

ಊರಿಗೆ ಇದು ಮೊದಲು ತಮಾಷೆಯಾಯಿತು, ಆಮೇಲೆ ಊರಿನದ್ದೇ ಆಯಿತು. ಅರಳಿಕಟ್ಟೆಯ ಮೇಲೆ ಗಂಡಸರು ಕೂತು ಆಡಿಕೊಳ್ಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ.

"ನಮ್ ಮೇಷ್ಟ್ರು ಐಕ್ಳ ಕರಿಯದಿಲ್ಲ ಕಣ್ಲಾ, ತಂತಿ ಕಳಿಸ್ತರ."

"ನಿನ್ ಮಗಂದು ಯಾವ್ದ್ಲಾ?"

"ಎಲ್ಡು ಉದ್ದ, ಕಡೇಲಿ ಒಂದು ಗಿಡ್ಡ."

"ಅಪ್ಪನಂಗೇ ಅನ್ನು. ಸುರು ಮಾಡದು ಜೋರು, ಕಡೇಲಿ ಪುಸ್ಸು!"

ಹೆಂಗಸರಿಗೆ ತಮ್ಮ ಮಕ್ಕಳ ಕರೆ ಮಾತ್ರವಲ್ಲ, ನೆರೆಮನೆಯ ಮಕ್ಕಳದ್ದೂ ಬಾಯಿಪಾಠವಾಗಿತ್ತು. "ಏಯ್, ನಿಂದು ಊದುದ್ರು, ಎದ್ದೋಗ್ಲಾ" ಎಂದು ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಲೇ ಕೂಗುತ್ತಿದ್ದರು. ಮದುವೆಯಾಗಿ ಹೊರಟ ಹುಡುಗಿಯನ್ನು "ನಿನ್ ಪೀಪಿ ಯಾರ್ಗ್ ಬುಟ್ಟೋಯ್ತಿಯೆ?" ಎಂದು ಗೆಳತಿಯರು ಅಳಿಸುತ್ತಿದ್ದರು. ಎರಡನೇ ಕ್ಲಾಸಿನ ಮೂಗು ಸೋರುವ ಹುಡುಗನಿಗೂ ಗಾಳಿಯಲ್ಲಿ ತನ್ನದೆನ್ನುವ ಒಂದು ಸದ್ದಿತ್ತು. ಇಡೀ ಸ್ಕೂಲಿನಲ್ಲಿ ಅದಿಲ್ಲದವಳು ನಾನೊಬ್ಬಳೇ.

ನಾನು ಅಪ್ಪನ ಸ್ಕೂಲಿನಲ್ಲೇ ಓದಿದೆ. ಅವನ ಹಿಂದೆಯೇ ಮನೆಯಿಂದ ಹೊರಟು, ಧೂಳಿನಲ್ಲಿ ಅವನ ಎಡಗಾಲು ಮೂಡಿಸುವ ಮೂರು ಬೆರಳಿನ ಗುರುತಿನ ಮೇಲೆ ನನ್ನ ಕಾಲಿಡುತ್ತಾ ಹೋಗುತ್ತಿದ್ದೆ. ಅವನು ಬಂಡೆ ಹತ್ತಿದರೆ ನಾನು ಕೆಳಗೆ ಸ್ಲೇಟು ಹಿಡಿದು ನಿಂತಿರುತ್ತಿದ್ದೆ. ಒಂದೊಂದು ಕರೆಗೂ ಕಾಡಿನಿಂದ ಒಂದೊಂದು ಕೂ ಬರುತ್ತಿತ್ತು, ಪ್ರತಿ ಕೂಗಿಗೂ ಅಪ್ಪನ ಮುಖ ಒಂದಿಷ್ಟು ಸಡಿಲವಾಗುತ್ತಿತ್ತು. ಆ ಸಡಿಲವಾದ ಮುಖವನ್ನು ನಾನು ಮನೆಯಲ್ಲಿ ನೋಡಿದ್ದೇ ಇಲ್ಲ. ಮನೆಯಲ್ಲಿ ಅವನು ಕೇಳದ ಕಿವಿಯನ್ನೇ ನಮ್ಮ ಕಡೆ ಇಟ್ಟುಕೊಂಡು ಕೂರುತ್ತಿದ್ದ ಎಂದು ನನಗನಿಸುತ್ತಿತ್ತು. ಇದು ಅನ್ಯಾಯದ ಮಾತು. ಬಹುಶಃ ಕುರ್ಚಿ ಇದ್ದ ಜಾಗವೇ ಹಾಗಿತ್ತು. ಆದರೆ ಹೊಟ್ಟೆಕಿಚ್ಚು ಕುರ್ಚಿಯ ಜಾಗವನ್ನೆಲ್ಲ ವಿಚಾರಿಸುವುದಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಅಪ್ಪ, ನಂದ್ಯಾವ್ದು?"

"ಯಾವ್ದೇನು?"

"ಪೀಪಿ."

ಅವನು ಉಗುರಿನ ಸಂದಿಯ ಸೀಮೆಸುಣ್ಣ ತೆಗೆಯುತ್ತಿದ್ದ. ತಲೆಯೆತ್ತಲಿಲ್ಲ. "ನಿಂಗ್ಯಾಕ್ ಕೂಸೆ? ನೀನೆಲ್ಲಿ ಕಳ್ದೋದಯೆ?" ಅಂದ. ಅವ್ವ ಒಳಗಿನಿಂದ, "ಮನೇಲಿರೋಳ್ಗೂ ತಂತಿ ಕಳಿಸ್ಬೇಕಾ?" ಎಂದು ನಕ್ಕಳು. ಇಬ್ಬರೂ ಸಮಾಧಾನದ ಮಾತೆಂದೇ ಹೇಳಿರಬೇಕು. ನನಗೆ ಮಾತ್ರ, ಕಳೆದುಹೋದರೂ ಹುಡುಕಬೇಕಾಗಿಲ್ಲದ ವಸ್ತು ನೀನು ಎಂದ ಹಾಗೆ ಕೇಳಿಸಿತು.

ಎಲ್ಲರಿಗಿಂತ ಹೆಚ್ಚಾಗಿ ನಾನು ಕರುಬಿದ್ದು ಚಿಕ್ಕತಾಯಿಯನ್ನು ಕಂಡು. ಅವಳದು ಹೂಗ್ಯಂ. ಸ್ಕೂಲಿಗೆಂದು ಶಾಗ್ಯದ ಅಜ್ಜಿಮನೆಯಲ್ಲಿದ್ದಳು, ಅಜ್ಜಿಯ ಆಡುಗಳನ್ನೆಲ್ಲ ಮೇಯಿಸುವುದು ಅವಳ ಪಾಲಿಗಿತ್ತು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಮನೆಯಲ್ಲಿ ಅರ್ಧ ತಮಿಳು ಅರ್ಧ ಕನ್ನಡ, ಬೈಯುವಾಗ ಎರಡೂ. ಅವಳು ಎಲ್ಲರಿಗಿಂತ ದೂರ ಹೋಗುತ್ತಿದ್ದುದರಿಂದ ಅಪ್ಪ ಅವಳಿಗೆ ಎಲ್ಲಕ್ಕಿಂತ ಉದ್ದದ ಕರೆ ಕೊಟ್ಟಿದ್ದ. ಅದನ್ನು ಊದುವಾಗ ಅವನ ಕೊರಳಿನ ನರ ಉಬ್ಬುತ್ತಿತ್ತು. ಒಂದು ಮಳೆಯ ಬೆಳಿಗ್ಗೆ ಅವಳು ತೊಯ್ದು ತೊಪ್ಪೆಯಾಗಿ ಬಂದಳು. ಅಪ್ಪ ನನ್ನನ್ನು ಮನೆಗೆ ಓಡಿಸಿ, ಬಾಗಿಲ ಹಿಂದೆ ತೂಗುತ್ತಿದ್ದ ತನ್ನ ಮಿಲಿಟರಿ ಕೋಟು ತರಿಸಿ ಅವಳಿಗೆ ಹೊದಿಸಿದ. ಆ ಕೋಟನ್ನು ಮುಟ್ಟಿದ್ದಕ್ಕೆ ಹಿಂದೊಮ್ಮೆ ನಾನು ಬೈಸಿಕೊಂಡಿದ್ದೆ. ಅದಕ್ಕೆ ಕರ್ಪೂರ ಮತ್ತು ಹಳೆಯ ಬೆವರಿನ ವಾಸನೆ ಇತ್ತು, ಅಪ್ಪನ ಹೇಳದ ಕತೆಗಳೆಲ್ಲ ಅದರ ಜೇಬಿನಲ್ಲಿವೆ ಎಂದು ನಾನು ನಂಬಿದ್ದೆ. ಅದರೊಳಗೆ ಇವಳು ಮಧ್ಯಾಹ್ನದವರೆಗೂ ಬೆಚ್ಚಗೆ ಕೂತು, ತೋಳಿನ ತುದಿಯಿಂದ ಮೂಗು ಒರೆಸಿಕೊಂಡಳು. "ಭಾರ ಕಣೆ, ಎಮ್ಮೆ ಹೊತ್ಕಂಡಂಗದ" ಎಂದು ನನಗೇ ದೂರು ಹೇಳಿದಳು. ಅಷ್ಟು ಸಲೀಸಾಗಿ ಸಿಕ್ಕವರು ಮಾತ್ರ ಹಾಗೆ ದೂರಬಲ್ಲರು.

ಕಳೆದುಹೋಗಲು ತೀರ್ಮಾನಿಸಿದ್ದು ಅದಾದ ಮೇಲೆಯೇ ಇರಬೇಕು. ಒಂದು ಸಂಜೆ ಸ್ಕೂಲು ಬಿಟ್ಟವಳು ಮನೆಗೆ ಹೋಗದೆ ಬಂಡೆಯ ಹಿಂದಿನ ಹಳ್ಳಕ್ಕಿಳಿದು ಹೊಂಗೆಮರದ ಬೇರಿನ ಸಂದಿಯಲ್ಲಿ ಕೂತೆ. ಹಳ್ಳದಲ್ಲಿ ನೀರಿರಲಿಲ್ಲ, ಬಿಸಿ ಮರಳಿತ್ತು. ಆಡುಗಳ ಹಿಂಡು ಊರಿಗೆ ತಿರುಗುವಾಗ ಎದ್ದ ಧೂಳು ಕೆಂಪಗಾಗಿ, ಬೂದಿಯಾಗಿ, ಕಪ್ಪಾಗತೊಡಗಿತು. ಮುತ್ತುಗದ ಎಲೆ ಅಲುಗಿದರೂ ಆನೆ ಎಂದುಕೊಂಡು ನಡುಗುತ್ತಿದ್ದೆ, ಆದರೆ ಏಳಲಿಲ್ಲ. ಅವನು ಬಂಡೆ ಹತ್ತಲೇಬೇಕು, ನನಗೊಂದು ಕರೆಯನ್ನು ನಿಂತ ಜಾಗದಲ್ಲೇ ಹುಟ್ಟಿಸಲೇಬೇಕು, ಆಗ ನಾನು ಇಡೀ ಶಾಗ್ಯಕ್ಕೆ ಕೇಳುವ ಹಾಗೆ "ಕೂ" ಎನ್ನುತ್ತೇನೆ. ಕೊನೆಗೆ ಸೀಟಿ ಕೇಳಿತು. ಉದ್ದಕ್ಕೆ, ಸ್ಪಷ್ಟವಾಗಿ, ಎರಡು ಸಲ. ಅದು ಚಿಕ್ಕತಾಯಿಯ ಕರೆ.

ಊರಿನ ಕಡೆಯಿಂದ ಅವಳು ಕೂ ಎಂದದ್ದೂ ಕೇಳಿತು. ಅಪ್ಪ ಏನೋ ಕೂಗಿ ಹೇಳಿದ. ಸ್ವಲ್ಪ ಹೊತ್ತಿಗೆಲ್ಲ ಅವಳು ಮರಳಿನಲ್ಲಿ ದಡದಡ ಓಡಿಬಂದು ನನ್ನೆದುರು ನಿಂತಿದ್ದಳು. ಆ ಹಳ್ಳದ ಬೇರುಬೇರೂ ಅವಳಿಗೆ ಗೊತ್ತಿತ್ತು.

"ಇಲ್ಲಿದ್ದಯಾ? ನಡಿಯೆ, ನಿಮ್ಮಪ್ಪ ಊದೂದಿ ಬಾಯ್ ಒಣ್ಗಿಸ್ಕಂಡವ್ರ."

"ಊದಿದ್ದು ನಿಂದ್ನ ತಾನೆ?"

"ಮತ್ತ? ನಿಂದು ಅಂತ ಒಂದದಾ ಊದಕ್ಕ?"

ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮನೆಯವರೆಗೆ ನನ್ನ ಮುಂಗೈ ಹಿಡಿದುಕೊಂಡು ನಡೆದ. ಹಿಡಿತ ನೋಯುವಷ್ಟು ಬಿಗಿಯಾಗಿತ್ತು, ಅಂಗೈ ಒದ್ದೆಯಾಗಿತ್ತು. ಆ ಒದ್ದೆಯನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹುಡುಕಲು ಕೂಡ ಅವಳನ್ನೇ ಕರೆದ ಎಂಬುದೊಂದೇ ತಲೆಯಲ್ಲಿ ಕುದಿಯುತ್ತಿತ್ತು.

ಆಮೇಲೆ ನಾನು ಹನೂರಿನಲ್ಲಿ ಹೈಸ್ಕೂಲು, ಮೈಸೂರಿನಲ್ಲಿ ಯೂನಿವರ್ಸಿಟಿ ಎಂದು ಓದುತ್ತಲೇ ದೂರವಾದೆ. ಅಪ್ಪ ಶಾಗ್ಯದಲ್ಲೇ ಮೇಷ್ಟ್ರಾಗಿದ್ದು, ಅಲ್ಲೇ ನಿವೃತ್ತನಾಗಿ, ಅವ್ವ ಹೋದ ಮೇಲೂ ಅಲ್ಲೇ ಇದ್ದ. ಮುಪ್ಪಿನಲ್ಲಿ ನಾನೇ ಬಲವಂತದಿಂದ ಕೊಳ್ಳೇಗಾಲಕ್ಕೆ ಕರೆತಂದೆ. ಹುಳು ಮೇಯುವ ಸದ್ದಿನ ಆ ಮನೆಯನ್ನು ಕೆಡವಿ ಈಗ ಸಿಮೆಂಟಿನ ಮೋಲ್ಡ್ ಹಾಕಿದ್ದಾರೆ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲೇ ಸೀಟಿ ಎಲ್ಲೋ ಹೋಯಿತು. ನನ್ನ ಮನೆಗೆ ಬಂದರೆ ಅಪ್ಪ ನನ್ನವನಾಗುತ್ತಾನೆ ಎಂದುಕೊಂಡಿದ್ದೆ. ಬಂದದ್ದು ಇಡೀ ಶಾಗ್ಯ. ಬಸ್ ಕಂಡಕ್ಟರ್, ಗೊಬ್ಬರದಂಗಡಿಯವನು, ಪೊಲೀಸ್ ಪೇದೆ, ನರೆತ ಗಡ್ಡದವರು, ಸೊಸೆಯಂದಿರಿದ್ದವರು, ಗೇಟಿನ ಹೊರಗೆ ನಿಂತು ನಾಲಿಗೆ ಮಡಿಚಿ ತಮ್ಮ ತಮ್ಮ ಕರೆಯನ್ನು ಶಿಳ್ಳೆ ಹಾಕುತ್ತಿದ್ದರು. ಅಪ್ಪ ಒಳಗಿನಿಂದಲೇ ಹೆಸರು ಹಿಡಿದು ಬಾರ್ಲಾ ಎನ್ನುತ್ತಿದ್ದ. ನನ್ನ ಹೆಸರಿಗೆ ಮಾತ್ರ ಅವನು ಕೆಲವೊಮ್ಮೆ ತಡವರಿಸಿ ಯಳಂದೂರಿನ ಅತ್ತೆಯ ಹೆಸರು ಹೇಳುತ್ತಿದ್ದ. ನಾನು ಅವರೆಲ್ಲರಿಗೂ ಕಾಫಿ ಮಾಡಿಕೊಟ್ಟೆ. ಸಕ್ಕರೆ ಸ್ವಲ್ಪ ಕಡಿಮೆಯೇ ಹಾಕಿರಬಹುದು.

ಕೊನೆಯ ವರ್ಷ ಅವನಿಗೆ ಲಕ್ವ ಹೊಡೆದು ಮಾತು ನಿಂತಿತು. ಬಲಗೈಯ ಬೆರಳುಗಳು ಮಾತ್ರ ಉಳಿದಿದ್ದವು. ಚಿಕ್ಕತಾಯಿ ಆಗ ಮೊಮ್ಮಕ್ಕಳ ಅಜ್ಜಿ, ಅಜ್ಜೀಪುರದಲ್ಲಿ ಗಂಡನ ಜಮೀನಿನಲ್ಲಿ ರೇಷ್ಮೆ ಬೆಳೆಯುತ್ತಿದ್ದಳು. ಇಲ್ಲಿನ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬಂದ ದಿನವೆಲ್ಲ ಸೀರೆಗಂಟಿದ ಗೂಡಿನ ಹಸಿ ಕಮಟು ವಾಸನೆಯ ಸಮೇತ ನಮ್ಮ ಮನೆಗೆ ಬರುತ್ತಿದ್ದಳು. ಮಂಚದ ಎಡಕ್ಕೆ ಕೂತು, ಅವನ ಕೇಳುವ ಕಿವಿಯ ಹತ್ತಿರ ಬಾಯಿಟ್ಟು, ತನ್ನ ಆ ಉದ್ದದ ಕರೆಯನ್ನು ಲಾಲಿಯ ಹಾಗೆ ಮೆಲ್ಲಗೆ ಶಿಳ್ಳೆ ಹಾಕುತ್ತಿದ್ದಳು. ಅವನು ಮಂಚದ ಕಬ್ಬಿಣದ ಅಂಚಿನ ಮೇಲೆ ಅದನ್ನೇ ಬೆರಳಲ್ಲಿ ಬಡಿದು ತೋರಿಸುತ್ತಿದ್ದ. ಆ ಸಡಿಲವಾದ ಮುಖ ಮತ್ತೆ ಬರುತ್ತಿತ್ತು. ನಾನು ಗಂಜಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. ಅರವತ್ತರ ಹೆಂಗಸಿಗೂ ಬಂಡೆಯ ಕೆಳಗೆ ಸ್ಲೇಟು ಹಿಡಿದು ನಿಂತ ಹಾಗಾಗುತ್ತಿತ್ತು. ಹೊಲಸು ಬಳಿಯುವವಳು ನಾನು, ಮಗ್ಗುಲು ಬದಲಿಸುವವಳು ನಾನು, ಮುಖ ಅರಳುವುದು ಇವಳಿಗೆ.

ಆದರೆ ಯಾರೂ ಇಲ್ಲದಾಗ ಅವನು ಬೇರೊಂದನ್ನು ಬಡಿಯುತ್ತಿದ್ದ. ಎರಡು ಗಿಡ್ಡ, ಒಂದು ಉದ್ದ, ಮತ್ತೊಂದು ಗಿಡ್ಡ. ಬಡಿದು ಕಾಯುತ್ತಿದ್ದ. ಮತ್ತೆ ಬಡಿಯುತ್ತಿದ್ದ. ಶಾಗ್ಯದ ಕರೆಗಳೆಲ್ಲ ನನಗೆ ಬಾಯಿಪಾಠ, ಒಂದೂ ನನ್ನದಲ್ಲದಿದ್ದರೂ. ಇದು ಅವುಗಳಲ್ಲಿರಲಿಲ್ಲ. ಚಿಕ್ಕತಾಯಿಯನ್ನು ಕೂರಿಸಿಕೊಂಡು ನಾನೇ ಬಡಿದು ಕೇಳಿಸಿದೆ.

"ಇದ್ಯಾರ್ದೆ?"

ಅವಳು ತಲೆ ಓರೆ ಮಾಡಿ ಕೇಳಿದಳು. "ನಮ್ ಐಕ್ಳದಲ್ಲ. ಮಾದಪ್ಪನಾಣೆ ನಾ ಕೇಳೇ ಇಲ್ಲ." ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನಿಂದೇ ಇರ್ಬೇಕು ಬುಡು" ಅಂದಳು.

ಬಂದವರನ್ನೆಲ್ಲ ಕೇಳಿದೆ. ನನ್ನದಲ್ಲ, ನಮ್ಮಣ್ಣನದಲ್ಲ ಎಂದು ಒಬ್ಬೊಬ್ಬರೂ ತಲೆಯಾಡಿಸಿದರು. ನನ್ನದೇ ಎಂದು ನಂಬಿಬಿಡಬಹುದಿತ್ತು. ಆದರೆ ಅದನ್ನೂ ಚಿಕ್ಕತಾಯಿಯ ಕೈಯಿಂದ, ಅವಳು ಹೊದ್ದು ಬಿಟ್ಟ ಕೋಟಿನ ಹಾಗೆ, ಇಸಿದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಅದನ್ನು ಬಡಿದು ಕಾಯುತ್ತಿದ್ದಾಗ ನಾನು ಸುತ್ತ ನೋಡಿ, ನಾಚುತ್ತಾ, ಅವನ ಎಡಗಿವಿಯಲ್ಲಿ "ಕೂ" ಅಂದೆ. ಅವನು ಕಣ್ಣು ತೆರೆದ. ನನ್ನನ್ನು ನೋಡಿದನೋ, ನನ್ನಾಚೆಗೆ ನೋಡಿದನೋ, ಹೇಳಲಾರೆ. ಬೆರಳು ನಿಂತಿತು. ಅದಾದ ಮೇಲೆ ಅದನ್ನು ಅವನು ಬಡಿದದ್ದು ನನಗೆ ನೆನಪಿಲ್ಲ. ಆ ವಾರವೇ ತೀರಿಕೊಂಡನೋ, ಇನ್ನೂ ಒಂದು ತಿಂಗಳಿದ್ದನೋ, ಅದನ್ನೂ ನನ್ನ ನೆನಪು ತನಗೆ ಬೇಕಾದ ಹಾಗೆ ಹೇಳುತ್ತದೆ.

ಅಂದಿನಿಂದ ಆ ಹಳ್ಳದ ಸಂಜೆ ಬೇರೆಯಾಗಿ ಕೇಳಿಸತೊಡಗಿದೆ. ಚಿಕ್ಕತಾಯಿಯ ಕರೆಗೂ ಮುಂಚೆ ಇನ್ನೊಂದು ಸದ್ದು ಬಂದಿತ್ತಲ್ಲವೇ? ಗಿಡ್ಡ ಗಿಡ್ಡ ಉದ್ದ ಗಿಡ್ಡ, ಮೌನ, ಮತ್ತೆ ಅದೇ. ನಾನು ಅದನ್ನು ಗೌಜಲಹಕ್ಕಿ ಎಂದುಕೊಂಡೆನಲ್ಲವೇ? ಹಾಗಿದ್ದರೆ ಅಪ್ಪ ನನ್ನನ್ನು ಕರೆದಿದ್ದ. ನನಗೆ ತಿಳಿಸದೆ ಇಟ್ಟುಕೊಂಡಿದ್ದ ಕರೆಯಿಂದ ಕರೆದು, ಉತ್ತರ ಬಾರದೆ, ಅಂಗೈ ಒದ್ದೆಯಾಗಿ, ಆಮೇಲೆ ಚಿಕ್ಕತಾಯಿಯನ್ನು ಕೂಗಿದ್ದ. ಎಷ್ಟು ಚೆಂದ ಕೂಡಿಕೊಳ್ಳುತ್ತದೆ! ಇಷ್ಟು ಚೆಂದ ಕೂಡಿದ್ದರಿಂದಲೇ ಅನುಮಾನ. ಬೇಕಾದದ್ದನ್ನು ಕೇಳಿದರೆ ನೆನಪು ಅಂಗಡಿಯವನ ಹಾಗೆ, ಇಲ್ಲ ಎನ್ನುವುದಿಲ್ಲ, ಯಾವುದೋ ಡಬ್ಬಿಯಿಂದ ಕಟ್ಟಿಕೊಡುತ್ತದೆ.

ಅದಕ್ಕೇ ಹೋದ ತಿಂಗಳು ಯಳಂದೂರಿಗೆ ಹೋದದ್ದು. ಅತ್ತೆಗೆ ವಯಸ್ಸಾಗಿದೆ, ನೆನಪು ನನ್ನದಕ್ಕಿಂತ ಗಟ್ಟಿ. ಹಜಾರದಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸೀಟಿ ಸ್ಟೀಲಿನದು ಎಂದು ನನ್ನ ಬಾಯಿ ಮುಚ್ಚಿಸಿದ ಮೇಲೆ, ಅಪ್ಪ ಯಾರಿಗೂ ಹೇಳದ ಯುದ್ಧದ ಕತೆಯನ್ನು, ತನಗೂ ಒಂದೇ ಸಲ ಹೇಳಿದ್ದನ್ನು, ಸಿಪ್ಪೆ ಎಸೆಯುತ್ತಲೇ ಹೇಳಿದರು. "ಅಲ್ಲಿ ಮಂಜಲ್ಲಿ ಒಬ್ರಿಗೊಬ್ರು ಕಾಣ್ತಿರ್ನಿಲ್ವಂತೆ. ಇಂದಕ್ಕ್ ಓಡ್ಬೇಕಾದ್ರ ಇವ್ನು ಒಬ್ಬೊಬ್ರನ್ನೂ ಒಂದೊಂದ್ ತರ ಊದಿ ಕರುದ್ನಂತೆ. ಎಲ್ಲ ಉತ್ರ ಕೊಟ್ರಂತೆ. ಒಬ್ನು ಕೊಡ್ನಿಲ್ಲ. ಅನೂರ್ ಕಡೆ ಉಡುಗ ಕಣವ್ವ ಅವ. ಇವ್ನು ಊದ್ತಾ ಅಲ್ಲೇ ನಿಂತ್ಕಂಡ್ನಂತೆ, ಕಾಲ್ಬೆರಳು ಓಗಗಂಟ." ಮನೆಗೆ ಬಂದ ಮೇಲೂ ಬಹಳ ದಿನ, ಹೊತ್ತು ಮುಳುಗುವಾಗ, ಅಪ್ಪ ಹೊಳೆ ದಂಡೆಗೆ ಹೋಗಿ ಆ ಒಂದು ಕರೆಯನ್ನೇ ಊದಿ, ಕಾದು, ಮತ್ತೆ ಊದುತ್ತಿದ್ದನಂತೆ. ದನಕ್ಕೆ ನೀರು ಕುಡಿಸಲು ಹೋದ ಅತ್ತೆ ಅದನ್ನು ದಿನವೂ ಕೇಳಿದ್ದರು.

ಹನೂರಿನ ಕಡೆಯವನು. ನಾವು ಹೊಳೆ ಬಿಟ್ಟು ಬಂಡೆಯ ಸಂದಿಗೆ ಹೋದದ್ದು, ಬಂಡೆ ಹತ್ತಿ ಕಾಡಿನ ಕಡೆ ಕಿವಿಯಿಟ್ಟದ್ದು, ಕೂ ಬಂದಾಗಲೆಲ್ಲ ಮುಖ ಸಡಿಲವಾದದ್ದು, ಎಲ್ಲವೂ ಅವನಿಗಾಗಿಯೇ ಇರಬೇಕು. ಮಂಜಿನಲ್ಲಿ ಉಳಿದ, ನಾನು ಮುಖ ಕೂಡ ನೋಡದ ಆ ಹುಡುಗನಿಗಾಗಿ ಮರುಗಬೇಕಾದ ಹೊತ್ತಿನಲ್ಲಿ ನನ್ನೊಳಗೆ ಎದ್ದದ್ದು ಏನೆಂದು ನೀವು ಊಹಿಸಬಲ್ಲಿರಿ. ಚಿಕ್ಕತಾಯಿಯ ಮೇಲೆ ಉರಿದದ್ದು ಇದರ ಮುಂದೆ ಏನೂ ಅಲ್ಲ. ಸತ್ತವನ ಜೊತೆ ಪಾಲಿಗೆ ನಿಲ್ಲುವುದು ಹೇಗೆ? ಹಳ್ಳದ ಆ ಸಂಜೆ ಕೂಡ, ದಿಗಿಲಾದವನ ಬಾಯಿಗೆ ಹಳೆಯ ದಿಗಿಲೇ ಬಂದಿರಬಹುದು, ನನ್ನನ್ನು ಹುಡುಕುತ್ತಾ ಆ ಹುಡುಗನನ್ನೇ ಕರೆದಿರಬಹುದು. ಅಥವಾ ಹಾಗಲ್ಲದೆಯೂ ಇರಬಹುದು. ಅಪ್ಪ ಮಂಚದ ಮೇಲೆ ಬಡಿದ ಕರೆ ಆ ಹುಡುಗನದೇ ಎಂದು ಬಲ್ಲವರು ಭೂಮಿಯ ಮೇಲೆ ಈಗ ಅತ್ತೆ ಒಬ್ಬರೇ.

ನಾನು ನೆಲದ ಮೇಲೆ ಬೆರಳ ಗೆಣ್ಣಿನಿಂದ ಬಡಿದೆ. ಎರಡು ಗಿಡ್ಡ, ಒಂದು ಉದ್ದ, ಮತ್ತೊಂದು ಗಿಡ್ಡ. ಅವರೆಕಾಯಿಯ ಸೊಗಡಿನ ನಡುವೆ ಆ ಸದ್ದು ಬಹಳ ಚಿಕ್ಕದಾಗಿ ಕೇಳಿತು. ಅತ್ತೆಯ ಕೈ ನಿಂತಿತು. ನನ್ನ ಮುಖವನ್ನು, ಆಮೇಲೆ ನನ್ನ ಬೆರಳನ್ನು, ಆಮೇಲೆ ಹೊಳೆಯ ಕಡೆಯ ಬಾಗಿಲನ್ನು ನೋಡಿದರು. ನಂತರ ಬಾಗಿ ಇನ್ನೊಂದು ಕಾಯಿ ಎತ್ತಿಕೊಂಡು ಬಿಡಿಸತೊಡಗಿದರು. ಆಮೇಲೆ ನಾಲ್ಕೈದು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಮಂಡಿನೋವು, ಮಳೆ, ಅವರೆಕಾಳಿನ ರೇಟು. ಅಂದು ಬಡಿದ ಮೇಲೆ ನಾನು ಕೇಳಿದ ಪ್ರಶ್ನೆ ಮಾತ್ರ ಅಲ್ಲೇ ಬಿದ್ದಿದೆ.

"ಅತ್ತೆ, ಅಪ್ಪ ಹೊಳೆ ದಂಡೇಲಿ ಊದ್ತಿದ್ದದ್ದು ಇದೇನಾ?"